ರಿವೆಟ್

1942ರ ನವೆಂಬರ್ 3ರ ರಾತ್ರಿ. ಈಜಿಪ್ಟಿನ ಎಲ್ ಅಲಮೇನ್ ಮರಳುಗಾಡು. ಇಟಲಿಯ ‘ಅರಿಯೇತೆ’ ಟ್ಯಾಂಕ್ ಡಿವಿಷನ್ನಿನ ಇಪ್ಪತ್ತೆರಡರ ಲೆಫ್ಟಿನೆಂಟ್ ಮತ್ತು ಅವನ ಟ್ಯಾಂಕಿನ ಚಾಲಕ ಮಾತಾಡುತ್ತಿದ್ದಾರೆ. ಇಬ್ಬರೂ ನನ್ನ ಕಲ್ಪನೆಯವರು, ಯುದ್ಧ ಕಲ್ಪನೆಯದಲ್ಲ.

ಲೆಫ್ಟಿನೆಂಟ್: ಮುಂದುಗಡೆ ಮರಳಿನ ಮೂಟೆ ಕಟ್ಟಿದಿರಾ?

ಚಾಲಕ: ಕಟ್ಟಿದೆ ಸಾಹೇಬರೇ. ಆದರೂ ಶತ್ರುವಿನ ಶೆರ್ಮನ್ ಟ್ಯಾಂಕಿನ 75 ಮಿ.ಮೀ. ಗುಂಡನ್ನು ಅದು ತಡೆಯಲ್ಲ. ನಮ್ಮ ತಗಡು ಬೆಸುಗೆ ಹಾಕಿದ್ದಲ್ಲ, ರಿವೆಟ್ ಹೊಡೆದದ್ದು. ಗುಂಡು ಒಳಗೆ ಬರದಿದ್ದರೂ ಏಟಿಗೆ ರಿವೆಟ್ಟಿನ ತಲೆ ಕಿತ್ತುಕೊಂಡು ಒಳಗೆ ಹಾರುತ್ತೆ. ನಮ್ಮ ಕಬ್ಬಿಣವೇ ನಮ್ಮನ್ನು ಕೊಲ್ಲುತ್ತೆ.

ಲೆಫ್ಟಿನೆಂಟ್: ಈ ಟ್ಯಾಂಕಿನಲ್ಲಿ ಗುರಿ ಹಿಡಿಯುವವನೂ ನಾನೇ, ಅಪ್ಪಣೆ ಕೊಡುವವನೂ ನಾನೇ. ಎಲ್ಲ ಗೊತ್ತಿದ್ದೂ ನಾಳೆ ‘ನಡೀರಿ’ ಅಂತ ಯಾವ ಬಾಯಲ್ಲಿ ಹೇಳಲಿ? 1940ರ ಜೂನ್ 10ರಂದು ಮುಸೊಲಿನಿ ರೋಮಿನ ಬಾಲ್ಕನಿಯಿಂದ ಯುದ್ಧ ಸಾರಿದಾಗ, ಕೆಳಗೆ ನಿಂತು ಗಂಟಲು ಹರಿಯುವಂತೆ ಜೈಕಾರ ಹಾಕಿದ ಬಾಯಿ ಇದು.

ಚಾಲಕ: ತಪ್ಪು ಅಲ್ಲಿಂದ ಶುರುವಾಗಿದ್ದಲ್ಲ. 1936ರಲ್ಲಿ ನಾನು ಇಥಿಯೋಪಿಯಾದಲ್ಲಿ ಲಾರಿ ಓಡಿಸುತ್ತಿದ್ದೆ. ನಮ್ಮ ವಿಮಾನಗಳು ಮಸ್ಟರ್ಡ್ ಗ್ಯಾಸ್ ಸುರಿದಿದ್ದವು. ರಸ್ತೆ ಬದಿಯಲ್ಲಿ ಒಬ್ಬ ತಾಯಿ ಮಗುವಿನ ಕೈ ಎತ್ತಿ ತೋರಿಸಿದಳು. ಚರ್ಮ ಒದ್ದೆ ಕಾಗದದ ಹಾಗೆ ಸುಲಿದಿತ್ತು. ನಾನು ಲಾರಿ ನಿಲ್ಲಿಸಲಿಲ್ಲ.

ಲೆಫ್ಟಿನೆಂಟ್: ಹಾಗಾದರೆ ಇಂಥ ಯುದ್ಧದಲ್ಲಿ ಧೈರ್ಯಕ್ಕೆ ಏನು ಬೆಲೆ?

ಚಾಲಕ: ಧೈರ್ಯದಿಂದ ಅನ್ಯಾಯ ನ್ಯಾಯ ಆಗಲ್ಲ. ಆದರೆ ದಕ್ಷಿಣದಲ್ಲಿರುವ ನಮ್ಮ ಕಾಲಾಳುಗಳಿಗೆ ಲಾರಿಯಿಲ್ಲ, ನೀರಿಲ್ಲ, ಅಷ್ಟು ದೂರ ನಡೆದೇ ಬರಬೇಕು. ನಾವು ಒಂದು ಗಂಟೆ ನಿಂತರೆ ಅವರಿಗೆ ಒಂದು ಗಂಟೆಯ ದಾರಿ ಸಿಗುತ್ತೆ.

ಲೆಫ್ಟಿನೆಂಟ್: ಆ ಗಂಟೆ ಮುಸೊಲಿನಿಗೂ ಸಿಕ್ಕಂತಾಯಿತಲ್ಲ!

ಚಾಲಕ: ಆಯಿತು. ಎರಡನ್ನೂ ಬೇರೆ ಮಾಡೋದು ನನ್ನ ಕೈಲಿ ಆಗಲ್ಲ.

ಲೆಫ್ಟಿನೆಂಟ್: ಆ ಮಗುವಿನ ಋಣ?

ಚಾಲಕ: ಹಾಗೇ ಇರುತ್ತೆ. ನಾಳೆ ಸತ್ತರೂ ತೀರಲ್ಲ.

(ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ.)

ಲೆಫ್ಟಿನೆಂಟ್: ಬೆಂಕಿ ಹತ್ತಿದರೆ ನನ್ನ ಅಪ್ಪಣೆಗೆ ಕಾಯಬೇಡಿ. ಪಕ್ಕದ ಬಾಗಿಲಿಂದ ನಮ್ಮ ಟ್ಯಾಂಕಿನ ಉಳಿದಿಬ್ಬರು ಹುಡುಗರನ್ನೂ ಇಳಿಸಿಕೊಂಡು ಹೋಗಿಬಿಡಿ.

ಮರುದಿನ ಅರಿಯೇತೆಯ ಕೊನೆಯ ವೈರ್‌ಲೆಸ್ ಸಂದೇಶ ಬಂತು: ಬೀರ್ ಎಲ್ ಅಬ್ದ್‌ನ ವಾಯವ್ಯಕ್ಕೆ 5 ಕಿ.ಮೀ. ದೂರದಲ್ಲಿ ಶತ್ರು ಸುತ್ತುವರಿದಿದ್ದಾನೆ, ಟ್ಯಾಂಕುಗಳು ಕಾದುತ್ತಿವೆ ಎಂದು. ಯುದ್ಧ ಮುಗಿದ ಮೇಲೆ ಪಾವ್ಲೊ ಕಾಚಾ ದೊಮಿನಿಯೋನಿ ಎಂಬ ಎಂಜಿನಿಯರ್ ವರ್ಷಗಟ್ಟಲೆ ಆ ಮರಳಿನಲ್ಲಿ ಹುಡುಕಾಡಿ ಅಸ್ಥಿಗಳನ್ನು ಕಲೆಹಾಕಿದರು. ಅವರು ಅಲ್ಲಿ ಕಟ್ಟಿಸಿದ ಸ್ಮಾರಕದ ಎಷ್ಟೋ ಕಲ್ಲುಗಳ ಮೇಲೆ ಹೆಸರಿಲ್ಲ. ‘ಇಗ್ನೋತೋ’ ಎಂದಿದೆ, ಅಜ್ಞಾತ.