ಗೈರುಹಾಜರಿಯ ದಂಡ

ಕಳೆದ ಆಟಿ ತಿಂಗಳಲ್ಲಿ ಊರಿಗೆ ಹೋಗಿದ್ದಾಗ ಒಂದು ರಾತ್ರಿ ಹತ್ತು ಗಂಟೆಗೆ ಸೋದರಳಿಯ ಟಾರ್ಚ್ ಹಿಡಿದು ಹೊರಟ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ತೋಟದಾಚೆಯ ಗುಡ್ಡ ಹತ್ತಿದರೆ ಎರಡು ಕಡ್ಡಿ ಸಿಗುತ್ತದೆ. ಹದಿನೈದರ ಹುಡುಗನನ್ನು ಆ ಮಳೆಯಲ್ಲಿ ಒಬ್ಬನೇ ಬಿಡಲು ಮನಸ್ಸಾಗದೆ ನಾನೂ ಕೊಡೆ ಬಿಡಿಸಿಕೊಂಡು ಹಿಂದೆ ಹೋದೆ. ಅವನ ಫೋನಿನ ಆಟದ ದಿನ ಮುಗಿಯುವುದು ನಮ್ಮ ರಾತ್ರಿ ಒಂದೂವರೆಗಂತೆ. ಸರ್ವರ್ ಇರುವ ಕಡೆ ಆಗ ಬೆಳಗಿನ ನಾಲ್ಕು. ಸೂರ್ಯೋದಯದಿಂದ ದಿನ ಲೆಕ್ಕ ಹಾಕುವ ಪಂಚಾಂಗ ಗೋಡೆಯಲ್ಲಿ ತೂಗುವ ಮನೆಯ ಹುಡುಗ ಇನ್ಯಾರದೋ ಗಡಿಯಾರಕ್ಕೆ ದಿನ ಎಣಿಸುತ್ತಿದ್ದ. ಗುಡ್ಡದ ನೆತ್ತಿಯ ಗೇರುಮರದಡಿ ಆಟ ತೆರೆದುಕೊಂಡಿತು. ದಿನಕ್ಕೊಂದರಂತೆ ಏಳು ಚೌಕಗಳ ಒಂದು ಪಟ್ಟಿ. ಆರನೆಯದನ್ನು ಒತ್ತಿದ, ಏನೋ ಮಿನುಗಿ ಅವನ ಖಾತೆಗೆ ಸೇರಿತು. ಫೋನ್ ಆರಿಸಿ ಜೇಬಿಗಿಳಿಸಿದ.

"ಆಡುವುದಿಲ್ಲವಾ?"

"ಇಲ್ಲ ಮಾವ, ಈಗ ಆಡುವ ಮನಸ್ಸಿಲ್ಲ."

ಇಳಿಯುವಾಗ ನನ್ನ ಕಾಲಿಗೆ ಎರಡು ಉಂಬಳ ಹತ್ತಿದ್ದವು. ಅವುಗಳನ್ನು ಕಿತ್ತು ಬಿಸಾಡುವಾಗ ಅವನ ಮಾತು ಕೊರೆಯತೊಡಗಿತು. ಆಡಲು ಮನಸ್ಸಿಲ್ಲದವನು ಆಟಕ್ಕೆಂದು ಗುಡ್ಡ ಹತ್ತಿದ್ದು ಯಾಕೆ?

ಮೀಮಾಂಸೆಯಲ್ಲಿ ಹಳೆಯದೊಂದು ವಿಂಗಡಣೆಯಿದೆ. ಫಲ ಬೇಕಾದವನು ಮಾಡುವುದು ಕಾಮ್ಯಕರ್ಮ. ಮಳೆ ಬೇಕಾದವನು ಕಾರೀರಿ ಇಷ್ಟಿ ಮಾಡುತ್ತಾನೆ, ಬೇಡದವನು ಬಿಡುತ್ತಾನೆ, ಬಿಟ್ಟವನಿಗೆ ದೋಷವಿಲ್ಲ. ನಿತ್ಯಕರ್ಮ ಹಾಗಲ್ಲ. ಮಾಡಿದರೆ ಹೇಳಿಕೊಳ್ಳುವಂಥ ಫಲವಿಲ್ಲ, ಮಾಡದಿದ್ದರೆ ಪ್ರತ್ಯವಾಯ, ಅಂದರೆ ದೋಷ, ಮಾತ್ರ ತಪ್ಪದು. (ಈ ಬಗ್ಗೆ ಮೀಮಾಂಸಕರೊಳಗೇ ಇದ್ದ ಜಗಳಗಳು ಬೇರೆ.) ದಿನಾ ಬಂದವರಿಗೆ ಬಹುಮಾನ ಕೊಡುವ ಆಟಗಳನ್ನು ನೋಡಿದಾಗ ನನಗೆ ಕಾಣುವುದು ಕಾಮ್ಯದ ವೇಷ ತೊಟ್ಟ ನಿತ್ಯಕರ್ಮ. ಬಾಗಿಲಲ್ಲಿ ಬಹುಮಾನದ ಬೋರ್ಡು, ಒಳಗೆ ಹಾಜರಿ ಪುಸ್ತಕ. ಏಳನೆಯ ಚೌಕದ ದೊಡ್ಡ ಪೆಟ್ಟಿಗೆ ಮೊದಲ ದಿನ ಯಾರದೋ ಆಗಿರುತ್ತದೆ, ಆರನೆಯ ದಿನಕ್ಕೆ ನಮ್ಮದೇ ಆಗಿಬಿಟ್ಟಿರುತ್ತದೆ. ಆಮೇಲೆ ಹೋಗುವುದು ಪಡೆಯಲಿಕ್ಕಲ್ಲ, ಕಳೆದುಕೊಳ್ಳದಿರಲಿಕ್ಕೆ. ಬಂದದ್ದರ ಖುಷಿಗಿಂತ ಅಷ್ಟೇ ಹೋದದ್ದರ ನೋವು ಮನಸ್ಸಿಗೆ ಹೆಚ್ಚು ಭಾರ ಎಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದರು. ಚೀಟಿಯ ಕೊನೆಯ ಕಂತು ಕಟ್ಟಲಾಗದೆ ಒದ್ದಾಡಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಹುಮಾನಕ್ಕೂ ದಂಡಕ್ಕೂ ನಡುವೆ ಎಷ್ಟು ತೆಳುವಾದ ಗೋಡೆಯಿದೆ ಎಂಬುದಕ್ಕೆ 2004ರಲ್ಲಿ ಬಿಡುಗಡೆಯಾದ ಕಂಪ್ಯೂಟರ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಕಥೆ ಚೆನ್ನಾಗಿದೆ. ಅದರ ಪರೀಕ್ಷಾ ಹಂತದಲ್ಲಿ, ಒಂದೇ ಸಮನೆ ಆಡಿದವರಿಗೆ ದಣಿವಿನ ಹೆಸರಿನಲ್ಲಿ ಅನುಭವದ ಅಂಕಗಳು ಅರ್ಧಕ್ಕೆ ಇಳಿಯುತ್ತಿದ್ದವು. ಆಟಗಾರರು ಉಗಿದರು. ಬ್ಲಿಝಾರ್ಡ್ ಕಂಪನಿ ಲೆಕ್ಕವನ್ನು ಹಾಗೆಯೇ ಇಟ್ಟು ಹೆಸರು ಬದಲಿಸಿತು: ಅರ್ಧ ಎಂದಿದ್ದನ್ನು ಪೂರ್ತಿ ಎಂದು ಕರೆಯಿತು, ಪೂರ್ತಿ ಎಂದಿದ್ದನ್ನು ವಿಶ್ರಾಂತಿ ಪಡೆದು ಬಂದವರಿಗೆ ಇಮ್ಮಡಿ ಎಂದಿತು. ಅದೇ ಅಂಕ, ಅದೇ ಹೊತ್ತು, ಈಗ ಎಲ್ಲರಿಗೂ ಸಂತೋಷ. ಅಲ್ಲಿ ಉದ್ದೇಶ ಒಳ್ಳೆಯದಿತ್ತು, ಎದ್ದು ಹೋಗಿ ಸ್ವಲ್ಪ ಮಲಗಿ ಎಂಬುದು. ಆದರೆ ಯಾವುದನ್ನು 'ಪೂರ್ತಿ' ಎಂದು ಕರೆಯಬೇಕೆಂದು ತೀರ್ಮಾನಿಸುವವನ ಕೈಯಲ್ಲಿ ದಂಡವೂ ಇದೆ, ಉಡುಗೊರೆಯೂ ಇದೆ. ದಿನಾ ಬರುವವನ ಗಳಿಕೆಯನ್ನೇ ಪೂರ್ತಿ ಎಂದು ಇಟ್ಟುಕೊಂಡು ಆಟ ಕಟ್ಟಿದರೆ, ಬಾರದವನು ದಿನಾ ದಂಡ ತೆರುತ್ತಿರುತ್ತಾನೆ. ರಸೀದಿ ಮಾತ್ರ ಸಿಗುವುದಿಲ್ಲ.

ಇದನ್ನೆಲ್ಲ ಮರುದಿನ ಜಗಲಿಯಲ್ಲಿ ಹೇಳುತ್ತಿದ್ದಾಗ ಅಳಿಯ ಸುಮ್ಮನಿರಲಿಲ್ಲ. "ನೀವು ದಿನಾ ಪೇಪರಿನ ಪದಬಂಧ ತುಂಬಿಸುವುದಿಲ್ಲವಾ ಮಾವ? ಅಜ್ಜ ದಿನಾ ಸಂಧ್ಯಾವಂದನೆ ಮಾಡುವುದಿಲ್ಲವಾ? ಹಟ್ಟಿಯ ಹಸುವಿಗೆ ಭಾನುವಾರ ಉಂಟಾ?"

ಮೂರೂ ಒಳ್ಳೆಯ ಪ್ರಶ್ನೆಗಳೇ. ಹಸುವಿನದು ಸುಲಭ. ಹೊತ್ತಿಗೆ ಹಾಲು ಕರೆಯದಿದ್ದರೆ ಅದರ ಕೆಚ್ಚಲು ಬಿಗಿಯುತ್ತದೆ, ನೋಯುತ್ತದೆ, ಬಾವು ಬರುತ್ತದೆ. ನಮ್ಮನ್ನು ಕಟ್ಟಿಹಾಕುವುದು ಅದರ ಮೈ. ಆದರೆ 2009ರಲ್ಲಿ ಬಂದ ಬೇಸಾಯದ ಆಟ ಫಾರ್ಮ್‌ವಿಲ್‌ನಲ್ಲಿ ಸ್ಟ್ರಾಬೆರಿ ನಾಲ್ಕು ಗಂಟೆಯಲ್ಲಿ ಹಣ್ಣಾಗುತ್ತಿತ್ತು. ಹೊತ್ತು ಮೀರಿದರೆ ಬೆಳೆ ಬಾಡಿಹೋಗುತ್ತಿತ್ತು. ಆ ನಾಲ್ಕು ಗಂಟೆಯನ್ನು ಗೊತ್ತುಮಾಡಿದ್ದು ಜಿಂಗಾ ಕಂಪನಿಯ ಯಾರೋ, ಮೇಜಿನ ಮುಂದೆ ಕೂತು. ಬಾಡದಂತೆ ಮಾಡುವುದೂ ಅವರಿಗೆ ಅಷ್ಟೇ ಸುಲಭವಿತ್ತು.

ಪದಬಂಧದ ಉತ್ತರ ಹೊಳೆಯಲು ಹೊತ್ತು ಹಿಡಿಯಿತು. ನಾನು ಒಂದು ವಾರ ತುಂಬಿಸದಿದ್ದರೆ ಪೇಪರಿಗೆ ಅದು ಗೊತ್ತೇ ಆಗುವುದಿಲ್ಲ. ಮಂಗಳವಾರದ ಪದಬಂಧ ಸೋಮವಾರದ ನನ್ನ ಆಲಸ್ಯಕ್ಕೆ ಮುಖ ಸಿಂಡರಿಸುವುದಿಲ್ಲ. 2021ರಲ್ಲಿ ಜಾಶ್ ವಾರ್ಡಲ್ ಹೊರತಂದ ಪದದಾಟ ವರ್ಡಲ್ ಕೂಡ ದಿನಕ್ಕೊಂದೇ ಪದ ಕೊಡುತ್ತದೆ. ಆ ಮಿತಿಯ ದನಿ 'ಇವತ್ತಿಗೆ ಸಾಕು' ಎನ್ನುವಂಥದ್ದು. ಸತತ ದಿನಗಳ ಎಣಿಕೆ ಅದರಲ್ಲೂ ಇದೆ, ಒಪ್ಪುತ್ತೇನೆ. ಅಷ್ಟರಮಟ್ಟಿಗೆ ಅದೂ ತಪ್ಪಿತಸ್ಥನೇ.

ಸಂಧ್ಯಾವಂದನೆಯ ಪ್ರಶ್ನೆಗೆ ಅಡಿಕೆ ಕತ್ತರಿಸುತ್ತಿದ್ದ ಅಜ್ಜನೇ ಉತ್ತರಿಸಿದರು. "ಹೊತ್ತು ತಪ್ಪಿದರೆ ಎಂಥ ಆಗ್ತದೆ ಮಾರಾಯ? ಒಂದು ಅರ್ಘ್ಯ ಹೆಚ್ಚು ಕೊಟ್ಟರಾಯ್ತು." ಪ್ರಾಯಶ್ಚಿತ್ತದ ಬೆಲೆ ಒಂದು ಬೊಗಸೆ ನೀರು, ಅದೂ ಮನೆಯ ಬಾವಿಯದು. ಭಾಷೆ ಕಲಿಸುವ ಡ್ಯುಯೊಲಿಂಗೊ ಆ್ಯಪ್‌ನಲ್ಲೂ ತಪ್ಪಿದ ದಿನಕ್ಕೆ ಪರಿಹಾರವಿದೆ, ಸ್ಟ್ರೀಕ್ ಫ್ರೀಝ್ ಎನ್ನುತ್ತಾರೆ. ಅದನ್ನು ಅಲ್ಲಿಯದೇ ರತ್ನಗಳನ್ನು ಕೊಟ್ಟು ಕೊಳ್ಳಬೇಕು. ದೋಷವನ್ನು ಹುಟ್ಟಿಸಿದವರೇ ಪರಿಹಾರದ ಅಂಗಡಿ ಇಟ್ಟಿದ್ದಾರೆ. ಇದು ಹೊಸದೇನಲ್ಲ ಎಂದು ನಮ್ಮ ಪುಣ್ಯಕ್ಷೇತ್ರಗಳನ್ನು ಕಂಡವರು ನಗಬಹುದು. ನಗಲಿ. ನಿತ್ಯಕರ್ಮವನ್ನು ನಾನು ಹೊಗಳುತ್ತಿಲ್ಲ. ಅಜ್ಜನ ಮಡಿಯ ಬೆಳಗಿಗೆ ಅಜ್ಜಿ ಎಷ್ಟು ವರ್ಷ ನಾಲ್ಕಕ್ಕೆ ಎದ್ದರೆಂದು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಆದರೆ ಆಟ ಎಂಬುದು ಇದೆಲ್ಲದರಿಂದ ಹೊರಗಿನ ಜಾಗವಾಗಿತ್ತು. ಡಚ್ ಇತಿಹಾಸಕಾರ ಹೈಝಿಂಗ 1938ರ ತನ್ನ ಪುಸ್ತಕದಲ್ಲಿ ಆಟದ ಮೊದಲ ಲಕ್ಷಣವೆಂದು ಹೇಳಿದ್ದು ಸ್ವಾತಂತ್ರ್ಯವನ್ನು. ನಮ್ಮ ಕಡೆ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿದ್ದುದು ಆಟಿಯ ಮಳೆಯಲ್ಲಿ, ಗದ್ದೆ ಕೆಲಸ ನಿಂತಾಗ. ಆಟಿ ಕಳೆದರೆ ಮತ್ತೆ ಅಟ್ಟಕ್ಕೆ. ಹನ್ನೊಂದು ತಿಂಗಳು ಅದು ಯಾರನ್ನೂ ಕೇಳುತ್ತಿರಲಿಲ್ಲ. ಎಲ್ಲ ಆಟಗಳೂ ಹೊತ್ತು ತಿನ್ನುತ್ತವೆ, ಅದಕ್ಕೆ ನನ್ನ ತಕರಾರಿಲ್ಲ. ಇಡೀ ರಾತ್ರಿ ಇಸ್ಪೀಟು ಆಡಿದವನು ನಾನು. ನನ್ನ ತಕರಾರು ಬಾರದ ದಿನಕ್ಕೆ ಬಿಲ್ ಹಾಕುವುದರ ಮೇಲೆ. ಆಡುವವನ ಸ್ವಾತಂತ್ರ್ಯದ ಅರ್ಧಪಾಲು ಆಡದೆ ಇರುವುದರಲ್ಲಿದೆ. ಈ ಆಟಗಳು ಕೈಹಾಕುವುದು ಆ ಅರ್ಧಕ್ಕೆ.

ಆ ಅರ್ಧದ ಬೆಲೆ ಎಷ್ಟೆಂದು ಒಮ್ಮೆ ಬಯಲಿಗೆ ಬಂದಿತ್ತು. 2023ರ ಡಿಸೆಂಬರ್ 22ರಂದು ಚೀನಾದಲ್ಲಿ ಆಟಗಳ ನಿಯಂತ್ರಣ ಸಂಸ್ಥೆ, ದಿನಾ ಲಾಗಿನ್ ಆದವರಿಗೆ ಬಹುಮಾನ ಕೊಡಬಾರದೆಂಬ ಕರಡು ನಿಯಮ ಹೊರಡಿಸಿತು. ಹಣ ಖರ್ಚು ಮಾಡಿಸುವ ತಂತ್ರಗಳಿಗೂ ಅದರಲ್ಲಿ ಲಗಾಮಿತ್ತು. ಅದೇ ದಿನ ಆಟಗಳ ಕಂಪನಿ ಟೆನ್‌ಸೆಂಟ್ ಷೇರು ಶೇಕಡಾ 12ರಷ್ಟು ಕುಸಿಯಿತು. ಮರುತಿಂಗಳು ಆ ಕರಡು ಸಂಸ್ಥೆಯ ಜಾಲತಾಣದಿಂದಲೇ ಮಾಯವಾಯಿತು.

ಇನ್ನೊಂದು ನಿದರ್ಶನ ಅಮೆರಿಕದ್ದು. ಇಯಾನ್ ಬೊಗೊಸ್ಟ್ ಎಂಬ ಪ್ರಾಧ್ಯಾಪಕ ಫಾರ್ಮ್‌ವಿಲ್ ಮಾದರಿಯ ಆಟಗಳನ್ನು ಅಣಕಿಸಲು 2010ರಲ್ಲಿ ಕೌ ಕ್ಲಿಕರ್ ಮಾಡಿದ. ಆರು ಗಂಟೆಗೊಮ್ಮೆ ಬಂದು ಹಸುವನ್ನು ಒತ್ತುವುದು, ಅಷ್ಟೇ ಆಟ. ಅಣಕವಾಗಿದ್ದರೂ ಸಾವಿರಾರು ಜನ ಒತ್ತತೊಡಗಿದರು. ಬೇಸತ್ತ ಅವನು 2011ರ ಸೆಪ್ಟೆಂಬರಿನಲ್ಲಿ ಎಲ್ಲ ಹಸುಗಳನ್ನೂ ಅಳಿಸಿಬಿಟ್ಟ. ಪರದೆಯ ಮೇಲೆ ಹಸು ನಿಂತಿದ್ದ ಜಾಗ ಮಾತ್ರ ಉಳಿಯಿತು. ಕೆಲವರು ಆಮೇಲೂ ಬಂದು ಆ ಖಾಲಿ ಜಾಗವನ್ನು ಒತ್ತಿ ಹೋಗುತ್ತಿದ್ದರು.