ಕಚ್ಚುವ ಮಗು, ಯೋಚಿಸುವ ಟೀಚರ್

ಇನ್ನೊಬ್ಬರನ್ನು ಕಚ್ಚುವ ಮಗುವಿಗೆ ಏನು ಮಾಡಬೇಕು ಎಂದು ಕೇಳಿದರೆ ಅಂಗನವಾಡಿ ಟೀಚರ್ ತಡವರಿಸುವುದಿಲ್ಲ. ಹೊಡೆಯಬಾರದು, ಹೆದರಿಸಬಾರದು, ಅಕ್ಕರೆಯಿಂದ ತಿದ್ದಬೇಕು. ಮಧ್ಯಾಹ್ನ ಊಟದ ಹೊತ್ತಿನ ಗಲಾಟೆಯಲ್ಲಿ ಅದೇ ಟೀಚರ್ ಬಾಯಿಂದ "ಸುಮ್ನೆ ಕೂತ್ಕೋ, ಇಲ್ಲಾಂದ್ರೆ ಪೊಲೀಸ್‌ನ ಕರೀತೀನಿ" ಎಂಬ ಮಾತು ಹೊರಟುಬಿಡುತ್ತದೆ. ಮೊದಲು ಹೇಳಿದ್ದು ಸುಳ್ಳೇನಲ್ಲ. ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ ಎಂಬ ಅಮೆರಿಕದ ಚಿಂತಕರು 1974ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಈ ಬಿರುಕನ್ನೇ. ಕೆಲಸ ಮಾಡುವ ಯಾರಲ್ಲೂ ಎರಡು ಸಿದ್ಧಾಂತಗಳಿರುತ್ತವೆ: ಒಂದು ನಾವು ಹೇಳಿಕೊಳ್ಳುವುದು, ಇನ್ನೊಂದು ನಾವು ನಡೆದುಕೊಳ್ಳುವುದು. ಎರಡನೆಯದು ಸಾಮಾನ್ಯವಾಗಿ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಶೋನ್ ಮೂಲತಃ ತತ್ತ್ವಶಾಸ್ತ್ರದ ವಿದ್ಯಾರ್ಥಿ. ಡಾಕ್ಟರೇಟ್ ಪಡೆದದ್ದು ಜಾನ್ ಡ್ಯೂಯಿಯ ಚಿಂತನೆಯ ಮೇಲೆ. 1983ರಲ್ಲಿ ಆತ ಎರಡು ಬಗೆಯ ಯೋಚನೆಯನ್ನು ಬಿಡಿಸಿ ತೋರಿಸಿದ. ಕೆಲಸ ಮುಗಿದ ಮೇಲೆ ಕೂತು ಯೋಚಿಸುವುದು ಒಂದು. ಕೈ ಕೆಲಸದಲ್ಲಿದ್ದಾಗಲೇ, ಎಣಿಸಿದಂತೆ ಆಗದೆ ಹೋದ ಆ ಗಳಿಗೆಯಲ್ಲೇ ಯೋಚಿಸಿ ದಾರಿ ಬದಲಿಸುವುದು ಇನ್ನೊಂದು. ಆತನ ಪ್ರಕಾರ ವೃತ್ತಿಯ ಜಾಣತನವೆಲ್ಲ ಪುಸ್ತಕದಿಂದ ಇಳಿದು ಬಂದದ್ದಲ್ಲ; ಬಹಳಷ್ಟು ಕೆಲಸದೊಳಗೇ ಹುಟ್ಟುತ್ತದೆ.

ಉದಾಹರಣೆಗೆ ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯನ್ನು ತೆಗೆದುಕೊಳ್ಳೋಣ. ಪೀಣ್ಯ ಕಡೆಯ ಕಾರ್ಖಾನೆ, ಗಾರ್ಮೆಂಟ್ಸ್‌ಗಳಿಗೆ ದುಡಿಯಲು ಹೋಗುವವರು, ಬೇರೆ ಬೇರೆ ಊರುಗಳಿಂದ ಬಂದು ಬಾಡಿಗೆಗೆ ನೆಲೆಸಿದವರು ಇರುವ ಪ್ರದೇಶ. ಇಲ್ಲಿನ ಒಂದು ಅಂಗನವಾಡಿ ಕೋಣೆಯಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ದಿನವೂ ಕಚ್ಚುತ್ತಾನೆ ಎಂದುಕೊಳ್ಳಿ. "ಸಾರಿ ಕೇಳು" ಅಂದರೆ ಕೇಳುತ್ತಾನೆ, ಮರುದಿನ ಮತ್ತೆ ಕಚ್ಚುತ್ತಾನೆ. ಸಾರಿ ಬದಲು ಮೂಲೆಯಲ್ಲಿ ಕೂರಿಸಿದರೆ? ಇಲ್ಲಿ ಉಪಾಯ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ಕಚ್ಚುವ ಮೊದಲಿನ ಎರಡು ನಿಮಿಷ ಏನು ನಡೆದಿತ್ತು ಎಂದು ನೋಡಿದರೆ ಬೇರೆಯೇ ಚಿತ್ರ ಸಿಗಬಹುದು. ತಟ್ಟೆ ಬರುವವರೆಗೆ ಇಪ್ಪತ್ತು ಮಕ್ಕಳು ಕೈಕಟ್ಟಿ ಕೂರಬೇಕು. ಮನೆಯಲ್ಲಿ ಒಡಿಯಾನೋ ತೆಲುಗೋ ಆಡುವ ಹುಡುಗನಿಗೆ "ಸರಿ, ಇದು ನನ್ನ ಜಾಗ" ಎನ್ನುವಷ್ಟು ಕನ್ನಡ ಇಲ್ಲ. ಹಲ್ಲು ಮಾತಾಡುತ್ತದೆ. ಆಗ ಕೇಳಬೇಕಾದ್ದು ಇವನನ್ನು ಕೂರಿಸುವುದು ಹೇಗೆ ಎಂದಲ್ಲ, ಇಷ್ಟು ಹೊತ್ತು ಕೂರಿಸುವುದಾದರೂ ಯಾಕೆ ಎಂದು. ಗುರಿಯನ್ನೇ ಪ್ರಶ್ನಿಸುವ ಈ ಬಗೆಯನ್ನು ಆರ್ಗಿರಿಸ್ ಮತ್ತು ಶೋನ್ ಎರಡು ಸುತ್ತಿನ ಕಲಿಕೆ ಎಂದರು. ತಟ್ಟೆ ಹಂಚುವ ಕೆಲಸ ಅವನಿಗೇ ಕೊಟ್ಟು ನೋಡಬಹುದು. ಅದೂ ಸೋಲಬಹುದು, ಸೋತರೆ ಅದೂ ಒಂದು ಸುಳಿವೇ.

ತನ್ನ ಕೆಲಸದ ಬಗ್ಗೆ ಹೀಗೆ ಯೋಚಿಸುವುದನ್ನು ಪಶ್ಚಾತ್ತಾಪ ಎಂದು ತಿಳಿಯುವವರೇ ಹೆಚ್ಚು. "ನಂದೇ ತಪ್ಪು" ಎಂದು ಕೊರಗುವ ಟೀಚರ್‌ಗೆ ಕೋಣೆ ಕಾಣುವುದಿಲ್ಲ, ತಾನೊಬ್ಬಳೇ ಕಾಣುತ್ತಾಳೆ. ತುಂಟ ಮಗು ಎಂಬ ಹಣೆಪಟ್ಟಿಯಷ್ಟೇ ಕೆಟ್ಟ ಟೀಚರ್ ಎಂಬ ಹಣೆಪಟ್ಟಿಯೂ ನಿರುಪಯೋಗಿ.

ಆದರೆ ಯೋಚಿಸಲು ಹೊತ್ತೆಲ್ಲಿದೆ ಎನ್ನುವ ಆಕ್ಷೇಪಕ್ಕೆ ನನ್ನಲ್ಲಿ ಸಲೀಸಾದ ಉತ್ತರವಿಲ್ಲ. ಅಂಗನವಾಡಿಗಳನ್ನು ನಡೆಸುವ, 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಶಾಲಾಪೂರ್ವ ಶಿಕ್ಷಣ ಆರು ಸೇವೆಗಳಲ್ಲಿ ಒಂದು ಮಾತ್ರ. ಪೌಷ್ಟಿಕ ಆಹಾರ, ಲಸಿಕೆ, ತೂಕ, ಮನೆ ಭೇಟಿ, ಇತ್ತೀಚೆಗೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲೆ, ಎಲ್ಲವೂ ಅದೇ ಟೀಚರ್ ತಲೆಯ ಮೇಲೆ. ಇಂಥವರಿಗೆ ಯೋಚನೆಗೂ ಒಂದು ರಿಜಿಸ್ಟರ್ ಕೊಟ್ಟರೆ ಅದೂ ತುಂಬಿಸಿಡುವ ಕಾಗದವಾಗುತ್ತದೆ. ಮಕ್ಕಳು ಹೋದ ಮೇಲೆ ಸಹಾಯಕಿಯೊಡನೆ ಹತ್ತು ನಿಮಿಷದ ಮಾತು ಅದಕ್ಕಿಂತ ಮೇಲು. ಟೀಚರ್ ಬೋರ್ಡಿನ ಕಡೆ ತಿರುಗಿದ್ದಾಗ ಬಾಗಿಲಲ್ಲಿ ನಿಂತು ನೋಡಿದವಳು ಆಕೆಯೇ. ಆ ಮಾತಿನಲ್ಲಿ ಹೊಳೆದದ್ದು ಮೇಲ್ವಿಚಾರಕಿಯ ಮಾಸಿಕ ಸಭೆಗೂ ಮುಟ್ಟಬೇಕು. ಕೋಣೆ ಇಕ್ಕಟ್ಟಾದ್ದಕ್ಕೆ ಮಕ್ಕಳು ಕಚ್ಚಾಡುತ್ತಿದ್ದರೆ ಟೀಚರ್ ಎಷ್ಟು ಯೋಚಿಸಿದರೂ ಗೋಡೆ ಹಿಂದೆ ಸರಿಯುವುದಿಲ್ಲ.