ಇಂದಿನ ಧಮ್ಮ ಚಿಂತನೆ: ಉಪೇಕ್ಷೆ ಬೇರೆ, ಉಪೇಕ್ಖಾ ಬೇರೆ



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ವಿಚ್ಛೇದನ ಪ್ರಕರಣಗಳಲ್ಲಿ ನಾನು ಮಧ್ಯಸ್ಥಗಾರನಾಗಿ ಕೂರುತ್ತೇನೆ. ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಗಂಡ ಹೆಂಡತಿ ತಾವೇ ಒಂದು ತೀರ್ಮಾನಕ್ಕೆ ಬರಲು ನೆರವಾಗುವುದಷ್ಟೇ ನನ್ನ ಕೆಲಸ. ಆದರೂ ಮನಸ್ಸು ಒಳಗೇ ತೀರ್ಪು ಬರೆಯಲು ಹೊರಡುತ್ತದೆ.

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ದಾರಿ ತಪ್ಪಿಸುವ ನಾಲ್ಕು ಅಗತಿಗಳನ್ನು ಹೇಳಿದ್ದಾರೆ: ಛಂದ, ದೋಸ, ಮೋಹ, ಭಯ.

🔹 'ನಮ್ಮ ಕೇರಿಯ ಹುಡುಗ' ಎಂಬ ಒಲವು ಛಂದ.
🔹 ಜೋರಾಗಿ ಮಾತಾಡುವ ಹೆಣ್ಣಿನ ಮೇಲಿನ ಸಿಟ್ಟು ದೋಸ.
🔹 'ಹೆಂಗಸು ಸಹಿಸಿಕೊಂಡರೆ ಸಂಸಾರ ಉಳಿಯುತ್ತದೆ' ಎಂಬ ನಂಬಿಕೆ ಮೋಹ.
🔹 ಯಜಮಾನರು ಏನೆನ್ನುತ್ತಾರೋ ಎಂಬುದು ಭಯ.

ಹಾಗೆಂದು ಸುಮ್ಮನೆ ಕೂರುವುದು ಸಮಚಿತ್ತವಲ್ಲ. ಕನ್ನಡದಲ್ಲಿ ಉಪೇಕ್ಷೆ ಎಂದರೆ ಅಲಕ್ಷ್ಯ. ಧಮ್ಮದ ಉಪೇಕ್ಖಾ ಮೈತ್ರಿ, ಕರುಣೆ, ಮುದಿತೆಗಳ ಜೊತೆಗೇ ಇರುವಂಥದ್ದು. ಹೆದರಿದ ಹೆಣ್ಣುಮಗಳು ಗಂಡನ ಎದುರು 'ಆಯ್ತು' ಅಂದರೆ ಅದು ಒಪ್ಪಿಗೆಯಲ್ಲ. ಅವಳನ್ನು ಬೇರೆಯಾಗಿ ಕೂರಿಸಿ ಕೇಳುತ್ತೇನೆ. ಗಂಡನ ಮಾತನ್ನೂ ಹಾಗೆಯೇ, ಅಷ್ಟೇ ತಾಳ್ಮೆಯಿಂದ ಕೇಳುತ್ತೇನೆ.

ಹೆಣ್ಣಿಗೆ ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ ಕೈಬಿಟ್ಟದ್ದು ಬಾಬಾಸಾಹೇಬರು 1951ರಲ್ಲಿ ಮಂತ್ರಿಪದವಿ ತೊರೆದ ಕಾರಣಗಳಲ್ಲಿ ಒಂದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಹಕ್ಕು ಬಂತು. ಆ ಕಾಯ್ದೆ ಬೌದ್ಧರಾದ ನಮಗೂ ಅನ್ವಯಿಸುತ್ತದೆ. ರಾಜಿಯ ಹೆಸರಲ್ಲಿ ಅದನ್ನು ಕಿತ್ತುಕೊಳ್ಳುವುದು ಮಧ್ಯಸ್ಥಿಕೆಯಲ್ಲ.

ಇಂದಿನ ಅಭ್ಯಾಸ: ಮನೆಯಲ್ಲಿ, ಕೇರಿಯಲ್ಲಿ ಜಗಳ ಬಿಡಿಸಲು ಕೂರುವ ಮುನ್ನ ಕೇಳಿಕೊಳ್ಳೋಣ, ಈ ನಾಲ್ಕರಲ್ಲಿ ಯಾವುದು ನನ್ನೊಳಗೆ ಮೊದಲೇ ಬಂದು ಕೂತಿದೆ?

🙏